ಎರಡು ಅಂಕದ ಉತ್ತರ

ಕಳೆದ ದೀಪಾವಳಿಯ ಮರುದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ನನ್ನ ಹಾಜರಿ ಪುಸ್ತಕದಲ್ಲಿ ಅವಳದು ಹುಡುಗನ ಹೆಸರು. ಅಭ್ಯಾಸಬಲದಿಂದ ಅದೇ ಹೆಸರು ಹಿಡಿದು ಕರೆದುಬಿಟ್ಟೆ. "ಸಾರ್, ಆ ಹೆಸರು ಶಾಲೆಯಲ್ಲೇ ಉಳಿಯಿತು" ಎಂದು ನಕ್ಕಳು. ನಾಚಿಕೆಯಾಯಿತು.

ನನ್ನ ಮನೆಯಾಕೆ ಕೊಟ್ಟ ಕೋಡುಬಳೆ ಮುರಿಯುತ್ತ, "ನೀವು ಜೀವಶಾಸ್ತ್ರ ಕಲಿಸಿದವರು. ಪ್ರೊಜೆಸ್ಟರಾನ್ ತೆಗೆದುಕೊಳ್ಳಲೋ ಬೇಡವೋ?" ಎಂದು ಕೇಳಿದಳು. ಗರ್ಭಕೋಶವನ್ನು ಗರ್ಭಧಾರಣೆಗೆ ಸಿದ್ಧಗೊಳಿಸುವ ಹಾರ್ಮೋನು: ಎಸ್ಸೆಸ್ಸೆಲ್ಸಿಯಲ್ಲಿ ಎರಡು ಅಂಕಕ್ಕೆ ನಾನು ಬರೆಯಿಸುತ್ತಿದ್ದುದು ಅಷ್ಟೇ. ಅವಳ ಪ್ರಶ್ನೆಗೆ ಅದು ಸಾಲದು.

ವಾರವಿಡೀ ಓದಿದೆ. ಮುಟ್ಟು ನಿಂತ ಸ್ತ್ರೀಯರಿಗೆ ಈಸ್ಟ್ರೊಜೆನ್ ಜೊತೆಗೆ ಇದನ್ನು ಕೊಡುವುದು ಮುಖ್ಯವಾಗಿ ಗರ್ಭಕೋಶದ ಒಳಪದರದ ರಕ್ಷಣೆಗೆ. ಗರ್ಭಕೋಶವೇ ಇಲ್ಲದ ಟ್ರಾನ್ಸ್ ಮಹಿಳೆಯರಿಗೆ ಏಕೆ ಎಂಬುದು ಒಂದು ಪಕ್ಷ. ಸ್ತನಗಳ ಬೆಳವಣಿಗೆಗೆ, ನಿದ್ರೆಗೆ, ಮನಸ್ಸಿನ ನೆಮ್ಮದಿಗೆ ಒಳ್ಳೆಯದೆಂಬುದು ಇನ್ನೊಂದು. ಸೇವಿಸಿದವರು ಅನೇಕರು ಹಾಗೆನ್ನುತ್ತಾರೆ. ಗಟ್ಟಿಯಾದ ಪ್ರಯೋಗಗಳು ಮಾತ್ರ ವಿರಳ. ವಿಶ್ವಮಟ್ಟದ ತಜ್ಞರ ಸಂಘಟನೆಯೊಂದು 2022ರ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಶಿಫಾರಸು ಮಾಡಿಲ್ಲ.

ಭಯದ ಮೂಲವೊಂದು 2002ರದು. ಅಮೆರಿಕದಲ್ಲಿ 50ರಿಂದ 79 ವಯಸ್ಸಿನ 16,608 ಸ್ತ್ರೀಯರ ಮೇಲೆ ನಡೆದ ಅಧ್ಯಯನವನ್ನು ನಡುವೆಯೇ ನಿಲ್ಲಿಸಲಾಯಿತು. ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿತ್ತು. ಆದರೆ ಅಲ್ಲಿ ಕೊಟ್ಟದ್ದು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ವಸ್ತು, ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ನಿನೊಡನೆ. ನಮ್ಮ ದೇಹದಲ್ಲಿ ಹುಟ್ಟುವ ಪ್ರೊಜೆಸ್ಟರಾನೇ ಅದಲ್ಲ. ಹೆಸರಿನ ಸಾಮ್ಯದಿಂದ ಗುಣವನ್ನೂ ಸಮವೆಂದುಕೊಳ್ಳುವುದು ತಪ್ಪು. ಹಾಗೆಂದು ಬೇರೆ ಎಂದ ಮಾತ್ರಕ್ಕೆ ನಿರಪಾಯ ಎಂದೂ ಆಗದಲ್ಲ!

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಆಗ ಅವಳು ಅಳುಕುತ್ತ ಬೇರೊಂದನ್ನು ಹೇಳಿದಳು. ಇಪ್ಪತ್ತರ ವಯಸ್ಸಿನಲ್ಲಿ, ಕೇಳುವ ವೈದ್ಯರಿಲ್ಲದೆ, ಅಂಗಡಿಯಿಂದ ಗರ್ಭನಿರೋಧಕ ಗುಳಿಗೆಗಳನ್ನು ತಂದು ದಿನಕ್ಕೆ ಮೂರು ನಾಲ್ಕು ನುಂಗುತ್ತಿದ್ದಳಂತೆ. ಒಮ್ಮೆ ಮೀನಖಂಡ ಊದಿ, ರಕ್ತ ಹೆಪ್ಪುಗಟ್ಟಿದೆಯೆಂದು ಆಸ್ಪತ್ರೆ ಸೇರಿದ್ದಳು. ಈಗಿನ ವೈದ್ಯರಿಗೆ ಅದನ್ನು ಹೇಳಿಯೇ ಇಲ್ಲ. ಹೇಳಿದರೆ ಇರುವ ಔಷಧವನ್ನೂ ನಿಲ್ಲಿಸಿಬಿಟ್ಟಾರೆಂಬ ಭಯ. ಅವರೂ "ನಿನಗೆ ಬೇಡ" ಎಂದಷ್ಟೇ ಅಂದು ಚೀಟಿ ಬರೆದು ಕಳುಹಿಸಿದ್ದರಂತೆ.

ನನಗೆ ಕೋಪ ಬಂತು. ಯಾರ ಮೇಲೆಂದು ಈಗಲೂ ತಿಳಿಯದು. "ಮೊದಲು ಆ ಕಾಲಿನ ಸಂಗತಿ ಹೇಳಮ್ಮ, ಪ್ರೊಜೆಸ್ಟರಾನ್ ಆಮೇಲೆ" ಎಂದೆ.

"ನೀವೂ ಬರುತ್ತೀರಾ, ಸಾರ್?"

ಬರುವ ಸೋಮವಾರ ಹೊರಟಿದ್ದೇವೆ. ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡಿದ್ದೇನೆ, ಒಟ್ಟು ಏಳು.