ಬೆವರು ಕಾಣದ ದುಡಿಮೆ

“ಸ್ವಲ್ಪವೇ ಕೆಲಸ ಮೇಡಂ, ನಿಮಗೆ ಅರ್ಧ ಗಂಟೆಯೂ ಬೇಡ.”

ಈ ಮಾತು ಕೇಳಿದೊಡನೆ ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತೇವೆ. ಮಂಗಳೂರಿನ ಮನೆಯೊಂದರ ಸಣ್ಣ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು 2008ರಿಂದ ಕನ್ನಡ ಡಿಟಿಪಿ, ಅನುವಾದ, ಪುಟವಿನ್ಯಾಸ ಮಾಡಿಕೊಂಡು ಬಂದ ಗೆಳತಿಯರು ನಾವು. ಅರ್ಧ ಗಂಟೆಯದೆಂದು ಬಂದ ಕೆಲಸ ಅರ್ಧ ಗಂಟೆಯಲ್ಲಿ ಮುಗಿದ ನೆನಪು ನಮಗಿಲ್ಲ.

ಮದುವೆಯ ಆಮಂತ್ರಣ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಒಂದೇ ಪುಟ. ಬೆಳಿಗ್ಗೆ ಒಪ್ಪಿಗೆಯಾಗುತ್ತದೆ. ಮಧ್ಯಾಹ್ನ ದೊಡ್ಡಪ್ಪನ ಹೆಸರು ಬಿಟ್ಟುಹೋದದ್ದು ನೆನಪಾಗುತ್ತದೆ. ರಾತ್ರಿ ಹತ್ತಕ್ಕೆ ದುಬೈಯಲ್ಲಿರುವ ಅಣ್ಣ ವಾಟ್ಸಾಪಿನಲ್ಲಿ ನೋಡಿ ಬಣ್ಣ ಸರಿಯಿಲ್ಲ ಎನ್ನುತ್ತಾನೆ. ಮರುದಿನ ವರನ ಕಡೆಯವರಿಗೆ ಹೆಸರುಗಳ ಕ್ರಮ ಹಿಡಿಸುವುದಿಲ್ಲ. ಎಂಟು ಸಲ ತಿದ್ದಿದ ಮೇಲೆ, “ಒಂದು ಪುಟಕ್ಕೆ ಇಷ್ಟೊಂದಾ?” ಎಂಬ ಪ್ರಶ್ನೆ. ಬಿರಿಯಾನಿ ಮಾಡುವವರು ಹೇಳಿದ ದರಕ್ಕೆ ಮರುಮಾತಾಡದೆ ಒಪ್ಪಿದ ಮನೆಯವರೇ ಹೀಗೆ ಕೇಳುವಾಗ ನಗುವುದೋ ಅಳುವುದೋ ತಿಳಿಯುವುದಿಲ್ಲ. ಅಡುಗೆಯವರ ಬೆವರು ಎದುರಿಗೆ ಕಾಣುತ್ತದೆ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸದ ಬೆವರು ಕಾಣುವುದಿಲ್ಲ.

ಹಳೆಯ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಕಡತವನ್ನು ಯುನಿಕೋಡಿಗೆ ಬದಲಿಸುವುದೂ ಇಂಥದೇ. “ಒಂದು ಗುಂಡಿ ಒತ್ತಿದರಾಯಿತಲ್ಲ” ಎನ್ನುತ್ತಾರೆ. ಒತ್ತಿದರೆ ಆಗುತ್ತದೆ, ಸುಳ್ಳಲ್ಲ. ಆದರೆ ಅರ್ಕಾವೊತ್ತು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಒತ್ತಕ್ಷರ ಕಳಚಿರುತ್ತದೆ. ಇನ್ನೂರು ಪುಟಗಳನ್ನು ಸಾಲು ಸಾಲಾಗಿ ಕಣ್ಣಿನಲ್ಲೇ ಹೆಕ್ಕಬೇಕು. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಸೇರಿತು. ಆಮೇಲೆ ಅನುವಾದದ ಕೆಲಸವೂ ‘ತಿದ್ದುವ ಕೆಲಸ’ವಾಗಿ ದರ ಅರ್ಧಕ್ಕಿಳಿಯಿತು. ಸಾಲದ ಕರಪತ್ರವೊಂದು ಹಾಗೆ ಯಂತ್ರದಿಂದ ಅನುವಾದವಾಗಿ ನಮ್ಮಲ್ಲಿಗೆ ಬಂದಿತ್ತು. ಅದರಲ್ಲಿ ‘ಇಂಟರೆಸ್ಟ್’ ಎಂಬುದು ಬಡ್ಡಿಯಾಗುವ ಬದಲು ಆಸಕ್ತಿಯಾಗಿತ್ತು. ಮಹಿಳೆಯರು ಪ್ರತಿ ತಿಂಗಳು ತಪ್ಪದೆ ಆಸಕ್ತಿ ಕಟ್ಟಬೇಕಿತ್ತು! ಅದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭವೆನಿಸಿ ಹಾಗೆಯೇ ಮಾಡಿದೆವು. ಸಿಕ್ಕಿದ್ದು ತಿದ್ದುಪಡಿಯ ಹಣ.

ಇದೆಲ್ಲ ಬೇರೆಯವರ ಮೇಲಿನ ದೂರಾಯಿತು. ನಮ್ಮ ಮೇಲಿನದನ್ನೂ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ಸಂಘಟನೆಯವರು 64 ಪುಟಗಳ ಕಿರುಹೊತ್ತಗೆಯೊಂದನ್ನು ತಂದರು. ವಿಷಯ, ದುಡಿಯುವವರ ಹಕ್ಕು. ಬೆವರು ಆರುವ ಮುನ್ನ ಕೂಲಿ ಕೊಟ್ಟುಬಿಡಬೇಕೆಂಬ ಪ್ರವಾದಿಯವರ ಬೋಧನೆಯನ್ನು ಎರಡನೆಯ ಪುಟದಲ್ಲಿ ದಪ್ಪಕ್ಷರದಲ್ಲಿ, ಸುತ್ತ ಚೌಕಟ್ಟು ಹಾಕಿ ಕೂರಿಸಿದವರು ನಾವೇ. ಪುಸ್ತಕ ಅಚ್ಚಾಯಿತು, ಬಿಡುಗಡೆಯಾಯಿತು. ಕಾಗದದವರಿಗೆ ಹಣ ಹೋಯಿತು, ಮುದ್ರಣಾಲಯಕ್ಕೂ ಹೋಯಿತು. ನಮ್ಮ ಹಣ ಮಾತ್ರ ಐದು ತಿಂಗಳಾದರೂ ಬರಲಿಲ್ಲ. ಒಮ್ಮೆ ಕೇಳಿದಾಗ, “ಮೇಲಿನಿಂದ ಬಂದಿಲ್ಲ ಮೇಡಂ. ಇದೂ ಒಂದು ಸೇವೆಯಲ್ಲವೇ?” ಎಂದರು. ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಾದೆವು.

ಒಂದು ಸಂಜೆ ನಮ್ಮ ಕರಡು ತಿದ್ದುವ ನಿವೃತ್ತ ಮಾಷ್ಟ್ರ ಫೋನು ಬಂತು. “ಅಮ್ಮಾ, ಮುಂದಿನ ವಾರ ಕಣ್ಣಿನ ಆಪರೇಷನ್ ಇದೆ. ಆ ಪುಸ್ತಕದ್ದು ಏನಾದರೂ...” ಎಂದು ಮಾತು ಅರ್ಧಕ್ಕೇ ನಿಲ್ಲಿಸಿದರು. “ನಮಗೇ ಅವರಿಂದ ಬಂದಿಲ್ಲ ಮಾಷ್ಟ್ರೇ” ಎಂದೆವು. “ಹಾಗಾದರೆ ಅವಸರವಿಲ್ಲ” ಎಂದು ಅವರು ಫೋನು ಇಟ್ಟರು.

ಅನಂತರ ಕೋಣೆಯಲ್ಲಿ ಬಹಳ ಹೊತ್ತು ಮಾತಿರಲಿಲ್ಲ. ನಮಗೆ ಯಾರೋ ಹೇಳಿದ್ದನ್ನೇ ನಾವು ಅವರಿಗೆ ಹೇಳಿದ್ದೆವು. ಅವರನ್ನು ಕೆಲಸಕ್ಕೆ ಕರೆದದ್ದು ಸಂಘಟನೆಯಲ್ಲ, ನಾವು. ಪುಟಕ್ಕೆ 30 ರೂಪಾಯಿಯಂತೆ 1,920 ರೂಪಾಯಿ. ಆ ಐದು ತಿಂಗಳಲ್ಲಿ ಅಷ್ಟು ಹಣ ನಮ್ಮ ಕೈಯಲ್ಲಿ ಇರಲೇ ಇಲ್ಲವೇ? ಇತ್ತು. ಅವರು ಬಾಯಿಬಿಟ್ಟು ಕೇಳುವವರಲ್ಲ ಎಂಬ ಧೈರ್ಯವೂ ನಮಗಿತ್ತು.

ಮರುದಿನ ಬೆಳಿಗ್ಗೆಯೇ ಅವರ ಮನೆಗೆ ಹೋಗಿ ಹಣ ಕೊಟ್ಟೆವು. “ನಾನು ಕೇಳಬಾರದಿತ್ತೇನೋ” ಎಂದರು. ತಡಮಾಡಿದವರು ನಾವು, ನಾಚಿಕೊಂಡವರು ಅವರು.

ಆ ದಿನದಿಂದ ಕೆಲವು ನಿಯಮ ಮಾಡಿಕೊಂಡಿದ್ದೇವೆ. ಕೆಲಸ ಹಿಡಿಯುವ ಮುನ್ನವೇ ದರವನ್ನು ಬರೆದು ಕೊಡುತ್ತೇವೆ. ಹೊಸಬರಿಂದ ಅರ್ಧ ಮುಂಗಡ. ಎರಡು ಸಲದ ತಿದ್ದುಪಡಿ ದರದಲ್ಲೇ ಸೇರಿದ್ದು, ಮೂರನೆಯದಕ್ಕೆ ಬೇರೆ ಲೆಕ್ಕ. ಮಾಷ್ಟ್ರ ಹಣ ಮಾತ್ರ ಕರಡು ಮರಳಿ ಬಂದ ದಿನವೇ, ನಮಗೆ ಬರಲಿ ಬಾರದಿರಲಿ. ಮೊದಮೊದಲು ಕೆಲವರು ಮುನಿಸಿಕೊಂಡು ಬೇರೆಡೆಗೆ ಹೋದರು. ಉಳಿದವರಲ್ಲಿ ಒಬ್ಬರು, “ಇದನ್ನು ಮೊದಲೇ ಹೇಳಬಾರದಿತ್ತೇ? ಎಷ್ಟು ಕೊಡಬೇಕೆಂದು ನಮಗೂ ಗೊತ್ತಾಗುತ್ತಿರಲಿಲ್ಲ” ಎಂದಾಗ ನಾವೇ ತಬ್ಬಿಬ್ಬಾದೆವು. ನಮ್ಮ ಸಂಕೋಚವೂ ನಮ್ಮ ದರ ಇಳಿಸಿತ್ತು.

ಕಾನೂನೂ ಇದೆ. ಸಣ್ಣ ಉದ್ದಿಮೆಗಳಿಗಾಗಿ 2006ರಲ್ಲಿ ಬಂದ ಕಾಯ್ದೆಯ ಪ್ರಕಾರ ಕೆಲಸ ಒಪ್ಪಿಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸೇವೆ ಒದಗಿಸುವ ನಮ್ಮಂಥವರಿಗೂ ಇದು ಅನ್ವಯಿಸುತ್ತದೆ. ಇದಕ್ಕೆ ಬೇಕಾದ ‘ಉದ್ಯಮ್’ ನೋಂದಣಿ 2020ರಿಂದ ಆನ್‌ಲೈನಿನಲ್ಲಿ ಉಚಿತ. ಆ ಕಿರುಹೊತ್ತಗೆಯ ಕಾಲಕ್ಕೆ ನಾವು ನೋಂದಾಯಿಸಿಕೊಂಡಿರಲಿಲ್ಲ. ಏಳನೆಯ ತಿಂಗಳಲ್ಲಿ ಅರ್ಧ ಹಣ ಬಂತು, ಉಳಿದದ್ದು ಬರಲೇ ಇಲ್ಲ. ಈಗ ನೋಂದಾಯಿಸಿಕೊಂಡಿದ್ದೇವೆ. ಆದರೆ ನಮ್ಮ ಮಾಷ್ಟ್ರಂಥವರು ಯಾವ ನೋಂದಣಿಯ ಪುಸ್ತಕದಲ್ಲೂ ಇಲ್ಲ. ಅವರಿಗೆ ಇರುವುದು ಕೆಲಸ ಕೊಟ್ಟವರ ಮನಸ್ಸಾಕ್ಷಿಯೊಂದೇ.

ಓದುಗರೇ, ನಮ್ಮಲ್ಲಿ ಹೆಚ್ಚಿನವರು ಒಂದು ಕಡೆ ದುಡಿಯುವವರು, ಇನ್ನೊಂದು ಕಡೆ ದುಡಿಸಿಕೊಳ್ಳುವವರು. ನಮಗೆ ಬರಬೇಕಾದ ಬಾಕಿಯ ಲೆಕ್ಕ ಎಲ್ಲರಿಗೂ ಬಾಯಿಪಾಠ. ನಾವು ಕೊಡಬೇಕಾದದ್ದು? ಹೊಲಿಗೆಯವಳಿಗೆ, ಟ್ಯೂಷನ್ ಹೇಳುವ ಹುಡುಗಿಗೆ, “ಅವಸರವಿಲ್ಲ” ಎಂದು ಫೋನು ಇಟ್ಟ ಯಾರಿಗಾದರೂ?