ಎಳೆ ಇರುವ ಹರಳು

ಸೊಲ್ಲಾಪುರದ ಕಡೆ ಒಂದು ಹರಳು ಕೊಳ್ಳಬೇಕು ಅಂತ ಬಾಯಿಬಿಟ್ಟು ನೋಡಿ. ಯಾವ ಬಣ್ಣದ್ದು ಅಂತ ಯಾರೂ ಕೇಳುವುದಿಲ್ಲ. ‘ಯಾವ ಗ್ರಹಕ್ಕ?’ ಅಂತಾರೆ. ಶನಿಗೆ ನೀಲ, ಗುರುವಿಗೆ ಪುಷ್ಯರಾಗ, ಮಂಗಳನಿಗೆ ಹವಳ. ಅದೂ ಸವ್ವಾ ಐದು ರತ್ತಿಗಿಂತ ಕಡಿಮೆಯಾದರೆ ಗ್ರಹ ತಿರುಗಿಯೂ ನೋಡುವುದಿಲ್ಲವಂತೆ. ರತ್ತಿ ಅಂದರೆ ಒಂದು ಗುಲಗಂಜಿಯ ತೂಕ, ಸುಮಾರು 120 ಮಿಲಿಗ್ರಾಂ. ಅಷ್ಟು ದೂರದಲ್ಲಿರುವ ಶನಿ ಇಷ್ಟು ಸಣ್ಣ ತಕ್ಕಡಿಯ ಮೇಲೆ ಕಣ್ಣಿಟ್ಟು ಕೂತಿರುತ್ತಾನೆ ಅಂದರೆ ಅವನಿಗೂ ಬೇರೆ ಕೆಲಸವಿಲ್ಲ ಅನಿಸುತ್ತದೆ.

ನನಗೆ ಹಿಡಿಸಿದ್ದು ಈ ನವರತ್ನಗಳ ಪಂಕ್ತಿಯಲ್ಲಿ ಕೂರದ ಒಂದು ಹರಳು. ರೂಟೈಲ್ ಕ್ವಾರ್ಟ್ಜ್ ಅಂತಾರೆ. ಕುಲ ದೊಡ್ಡದೇನಲ್ಲ, ಹೊಲದ ಬದುವಿನಲ್ಲಿ ಕಾಲಿಗೆ ತಾಗುವ ಬೆಣಚುಕಲ್ಲಿನ ಜಾತಿಯೇ. ಬೆಣಚು ನೀರಿನ ಹಾಗೆ ತಿಳಿಯಾದರೆ ಸ್ಫಟಿಕ. ಆ ಸ್ಫಟಿಕದ ಹೊಟ್ಟೆಯಲ್ಲಿ ಬಂಗಾರದ ಬಣ್ಣದ, ಕೆಲವೊಮ್ಮೆ ತಾಮ್ರದ ಬಣ್ಣದ ಸೂಜಿಗಳು ಸೇರಿಕೊಂಡರೆ ಈ ಹರಳು. ಸೂಜಿ ಬಂಗಾರವಲ್ಲ, ರೂಟೈಲ್ ಅನ್ನುವ ಖನಿಜ, ಅಂದರೆ ಟೈಟೇನಿಯಂ ಡೈಆಕ್ಸೈಡ್. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿ ಇರುವುದೂ ಅದೇ. ಜರ್ಮನಿಯ ಕ್ಲಾಪ್ರೋತ್ 1795ರಲ್ಲಿ ರೂಟೈಲಿನೊಳಗೇ ಆ ಲೋಹವನ್ನು ಕಂಡು ಟೈಟೇನಿಯಂ ಅಂತ ಹೆಸರಿಟ್ಟ. ಡಬ್ಬಿಯಲ್ಲಿ ಬೆಳ್ಳಗಿರುವುದು ಹರಳಿನಲ್ಲಿ ಹೊಂಬಣ್ಣಕ್ಕೆ ತಿರುಗಲು ಚೂರುಪಾರು ಕಬ್ಬಿಣ ಬೆರೆತಿರುವುದು ಒಂದು ಕಾರಣ.

ಅಕ್ಕಲಕೋಟೆಯಲ್ಲಿ ಇಂಥದ್ದೊಂದನ್ನು ಪತ್ತಾರರ ಮುಂದೆ ಇಟ್ಟೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದವರು ಮುಖ ಸಣ್ಣ ಮಾಡಿಕೊಂಡು, ‘ಅಕ್ಕಾರ, ಇದರಾಗ ಕೂದಲ ಅದಾವ್ರಿ. ನಿಮಗ ಯಾರೋ ದಾಟಿಸ್ಯಾರ’ ಅಂದರು. ಅವರದೇನೂ ತಪ್ಪಿಲ್ಲ. ಮಾಣಿಕ್ಯದಲ್ಲಿ ಗೆರೆ ಇದ್ದರೆ ದೋಷ, ವಜ್ರದಲ್ಲಿ ಚುಕ್ಕೆ ಇದ್ದರೆ ದೋಷ ಅಂತ ಕಲಿತ ಕಣ್ಣು ಅದು. ಸ್ಫಟಿಕದ ಮಾತಂತೂ ಕೇಳಲೇಬೇಡಿ. ಮಾತು ಹೇಗಿರಬೇಕು ಅಂತ ಬಸವಣ್ಣ ಹೇಳುವಾಗಲೂ ಉಪಮೆಗೆ ಬಂದವುಗಳಲ್ಲಿ ಸ್ಫಟಿಕವೂ ಒಂದು. ಸೊನ್ನಲಿಗೆಯ, ಅಂದರೆ ಇದೇ ಸೊಲ್ಲಾಪುರದ, ಸಿದ್ಧರಾಮನ ನೆಲದಲ್ಲಿ ಕೂತು ‘ನನಗೆ ಕಲ್ಮಷವಿರುವ ಸ್ಫಟಿಕವೇ ಬೇಕು’ ಅಂದರೆ ಪತ್ತಾರರು ಗಾಬರಿಯಾಗದೆ ಏನು ಮಾಡಿಯಾರು? ಈ ಹರಳಿನಲ್ಲಿ ಮಾತ್ರ ಲೆಕ್ಕ ಉಲ್ಟಾ. ಒಳಗಿನ ಎಳೆಗೇ ದುಡ್ಡು. ಎಳೆ ಇಲ್ಲದಿದ್ದರೆ ಬರೀ ಬೆಣಚು.

ಹಾಗಾದರೆ ಎಳೆಯನ್ನು ನೋಡುವುದು ಹೇಗೆ? ಇದನ್ನು ನಮ್ಮ ಸೊಲ್ಲಾಪುರದವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಚಾದರು ಕೊಳ್ಳುವಾಗ ನಾವು ಮೇಲಿನ ಹೂವಿಗೆ ಮರುಳಾಗದೆ ಮಗುಚಿ ನೋಡುತ್ತೇವಲ್ಲ, ಎಳೆ ಎಲ್ಲಿ ಎದ್ದಿದೆ, ಎಲ್ಲಿ ಕಡಿದಿದೆ ಅಂತ? ಹರಳನ್ನೂ ಹಾಗೆಯೇ ಮಗುಚಬೇಕು. ಒಡವೆಗೆ ಇದನ್ನು ಸಾಮಾನ್ಯವಾಗಿ ಮುಖ ಮುಖವಾಗಿ ಕತ್ತರಿಸದೆ, ಮೇಲೆ ಗುಮ್ಮಟ, ಕೆಳಗೆ ಸಪಾಟು ಮಾಡಿ ಉಜ್ಜುತ್ತಾರೆ. ಕ್ಯಾಬೊಶನ್ ಅನ್ನುವುದು ಇದಕ್ಕೇ. ಹೊಳಪೆಲ್ಲ ಗುಮ್ಮಟಕ್ಕೆ ಕೊಟ್ಟು ಬುಡವನ್ನು ಒರಟು ಬಿಟ್ಟಿದ್ದರೆ ಬೆಳಕು ಒಳಗೆ ಸುಳಿಯುವುದಿಲ್ಲ. ಎಳೆಗಳು ಮಂಕಾಗಿ ಕಾಣುತ್ತವೆ. ಬುಡಕ್ಕೂ ಮೆರುಗು ಇರಲಿ. ಆಮೇಲೆ ಗುಮ್ಮಟದ ಮೇಲೆ ಉಗುರು ಆಡಿಸಿ. ಸೂಜಿಯೊಂದು ಮೈಮೇಲೆ ಬಂದು ಮುಗಿದಿದ್ದರೆ ಅಲ್ಲಿ ಚುಕ್ಕೆಯಷ್ಟು ಗುಳಿ ಬಿದ್ದಿರುತ್ತದೆ, ಕೊಳೆ ಹೋಗಿ ಕೂರುವುದು ಅಲ್ಲೇ. ಒಳಗೆ ಕಾಮನಬಿಲ್ಲಿನ ಬಣ್ಣ ಮಿಂಚಿದರೆ ಹಿಗ್ಗಬೇಡಿ, ಅದು ಬಹುತೇಕ ಬಿರುಕು. ಹರಳಿನ ನಡುವಿದ್ದರೆ ಇರಲಿ ಬಿಡಿ. ಅಂಚಿನವರೆಗೆ ಓಡಿದ್ದರೆ ಕುಂದಣ ಒತ್ತುವಾಗಲೇ ಚಕ್ಕೆ ಎದ್ದೀತು. ಅಂಚು ಬ್ಲೇಡಿನಷ್ಟು ತೆಳ್ಳಗಿದ್ದರೂ ಅದೇ ಗತಿ.

ಎಳೆ ಎಷ್ಟಿರಬೇಕು ಅನ್ನುವುದು ಅವರವರ ರುಚಿ. ಒತ್ತೊತ್ತಾಗಿ ಹೊಂದಿ ಮಲಗಿದ ಸಣ್ಣ ಎಳೆಗಳಿದ್ದರೆ, ಹರಳನ್ನು ತಿರುಗಿಸಿದಾಗ ಅವಕ್ಕೆ ಅಡ್ಡಲಾಗಿ ಬೆಳಕಿನ ಗೆರೆಯೊಂದು ಓಡುತ್ತದೆ, ವೈಡೂರ್ಯದಲ್ಲಿ ಓಡುವಂತೆ. ಬ್ರೆಜಿಲಿನ ಬಾಹಿಯಾ ಪ್ರಾಂತದಿಂದ ಬರುವ ಕೆಲವಂತೂ ನಡುವೆ ಹೆಮಟೈಟಿನ ಕಪ್ಪು ಬಿಲ್ಲೆಯಿಟ್ಟುಕೊಂಡು ಆರು ದಿಕ್ಕಿಗೆ ಹೊಂಬಣ್ಣದ ಕಿರಣ ಚೆಲ್ಲುತ್ತವೆ. ಅವುಗಳ ಬೆಲೆಯೂ ಆರು ದಿಕ್ಕಿಗೆ ಓಡುತ್ತದೆ. ನನ್ನ ಮಟ್ಟಿಗೆ, ನಾಲ್ಕೈದು ದಪ್ಪ ಎಳೆ ಅಡ್ಡಾದಿಡ್ಡಿ ಹಾಯ್ದು ಉಳಿದದ್ದೆಲ್ಲ ತಿಳಿನೀರಿನಂತಿದ್ದರೆ ಸಾಕು. ಕಪ್ಪು ಸೂಜಿಯದನ್ನು ‘ಕಪ್ಪು ರೂಟೈಲ್’ ಅಂತ ಮಾರುವವರಿದ್ದಾರೆ. ಅದು ಹೆಚ್ಚಾಗಿ ಟೂರ್ಮಲಿನ್. ಅದೂ ನೈಸರ್ಗಿಕವೇ, ಆದರೆ ಬೇರೆ ಸರಕು.

ಇದು ನಮ್ಮ ಮಣ್ಣಿನದೇ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ನಮ್ಮ ಎರೆಭೂಮಿಯ ಕೆಳಗಿರುವುದು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲು. ಅದರ ಪೊಟರೆಗಳಲ್ಲಿ ಹಕೀಕು ಸಿಗುತ್ತದೆ, ಜಿಯೊಲೈಟ್ ಸಿಗುತ್ತದೆ. ರೂಟೈಲ್ ಎಳೆಯ ಸ್ಫಟಿಕದ ತವರು ಬೇರೆ ಬಗೆಯ ಶಿಲೆ. ಆದರೆ ಹರಳು ಆರಿಸುವ ಕಣ್ಣು ಈ ಸೀಮೆಗೆ ಹೊಸದಲ್ಲ. ಧಾರಾಶಿವ ಜಿಲ್ಲೆಯ ತೇರ್, ಅಂದರೆ ಹಳೆಯ ತಗರ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ ಸಮುದ್ರಯಾನದ ಕೈಪಿಡಿ ಪೆರಿಪ್ಲಸ್‌ನಲ್ಲೇ ಬರುವ ಪೇಟೆ. ಅಲ್ಲಿಯ ರಾಮಲಿಂಗಪ್ಪ ಲಾಮತುರೆ ವಸ್ತುಸಂಗ್ರಹಾಲಯಕ್ಕೆ ಹೋದರೆ ಆ ಕಾಲದ ಕಲ್ಲಿನ ಮಣಿಗಳನ್ನು ನೋಡಬಹುದು. ಅವನ್ನು ಕೊರೆದವರ ಹತ್ತಿರ ಭೂತಗನ್ನಡಿ ಇರಲಿಲ್ಲ.

ಇನ್ನು ನಕಲಿ. ಅಕ್ಕಲಕೋಟೆಯಲ್ಲಿ ಗುರುವಾರ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದ ಹಾದಿಯಲ್ಲಿ ಹೊರಟರೆ ಜಪಮಾಲೆಗಳ ಸಾಲು. ಆ ನೂಕುನುಗ್ಗಲಿನಲ್ಲಿ ಸ್ಫಟಿಕ ಯಾವುದು, ಗಾಜು ಯಾವುದು ಅಂತ ಯಾರು ನಿಂತು ನೋಡುತ್ತಾರೆ? ಜಪಕ್ಕೆ ಗಾಜಾದರೂ ಲೆಕ್ಕ ತಪ್ಪುವುದಿಲ್ಲ, ನೂರೆಂಟೇ. ಒಡವೆಗೆ ದುಡ್ಡು ಕೊಡುವಾಗ ಹಾಗಲ್ಲ. ಸ್ಫಟಿಕ ಗಾಜಿಗಿಂತ ತಣ್ಣಗಿರುತ್ತದೆ, ಕೆನ್ನೆಗೆ ಒತ್ತಿ ನೋಡಿ ಅಂತ ತಿಳಿದವರು ಹೇಳುತ್ತಾರೆ. ಮಾತು ನಿಜ, ಆದರೆ ಮೇ ತಿಂಗಳ ಸೊಲ್ಲಾಪುರದಲ್ಲಿ ತಣ್ಣಗಿರುವ ವಸ್ತು ಯಾವುದಿದೆ? ಭೂತಗನ್ನಡಿಯೇ ಮೇಲು. ದುಂಡನೆಯ ಗುಳ್ಳೆ ಕಂಡರೆ ಗಾಜು. ಎಳೆಗಳೆಲ್ಲ ಒಂದೇ ದಪ್ಪ, ಒಂದೇ ಅಂತರ, ಬಾಚಣಿಗೆಯಲ್ಲಿ ಬಾಚಿಟ್ಟಂತೆ ಇದ್ದರೂ ಅನುಮಾನಪಡಿ.

ಉಂಗುರವೋ ಪದಕವೋ? ಸ್ಫಟಿಕದ ಗಡಸುತನ 7. ನಮ್ಮೂರ ಧೂಳಿನಲ್ಲಿರುವ ಮರಳಿನ ಕಣವೂ ಬೆಣಚೇ, ಅದರ ಗಡಸುತನವೂ 7. ದಿನಾ ಬೈಕು ಹೊಡೆಯುವವರ ಬೆರಳಲ್ಲಿ ಗುಮ್ಮಟ ಬಹಳ ದಿನ ಹೊಳೆಯದು. ಪದಕವೇ ಸರಿ. ಅದೂ ಬೆಳ್ಳಿಯಲ್ಲಿ, ಹಿಂಬದಿ ತೆರೆದು. ಇಷ್ಟಲಿಂಗಕ್ಕೆ ಗುಂಡಗಡಗಿ ಮಾಡುವ ಪತ್ತಾರರ ಕೈಗೆ ಬೆಳ್ಳಿಯನ್ನು ದುಂಡಗೆ ಬಗ್ಗಿಸುವುದು ಹೊಸದಲ್ಲ. ಹಿಂದೆ ತಗಡು ಮುಚ್ಚಬೇಡಿ ಅಂತ ಮಾತ್ರ ಎರಡು ಸಲ ಹೇಳಬೇಕಾಗುತ್ತದೆ. ತೊಳೆಯಲು ಸಾಬೂನು ನೀರು, ಮೆತ್ತನೆಯ ಬ್ರಶ್ಶು ಸಾಕು. ಕಾಯಿಸಿ ಕುದಿಸುವ ಉಪದ್ವ್ಯಾಪ ಬೇಡ.

ಒಂದು ಮಾತು ಮರೆಯಬೇಡಿ. ಅಂಗಡಿಯ ದೀಪದ ಕೆಳಗೆ ಎಲ್ಲ ಎಳೆಯೂ ಬಂಗಾರವೇ. ಹರಳನ್ನು ಬೀದಿಯ ಬಿಸಿಲಿಗೆ ತಂದು ನೋಡಿ, ಆಮೇಲೆ ರಶೀದಿಯ ಮೇಲೆ ‘ನೈಸರ್ಗಿಕ’ ಅಂತ ಬರೆಸಿಕೊಳ್ಳಿ. ಬರೆದುಕೊಡುವುದಿಲ್ಲ ಅಂದರೆ ಜಗಳ ಬೇಡ. ಅವರು ತರಿಸಿದ ಚಹಾ ಕುಡಿದು ಎದ್ದು ಬನ್ನಿ.