ಅಂಬಾಜಿದುರ್ಗದ ಬುಡದಲ್ಲೊಂದು ಮೂರು ಚಕ್ರದ ಗಾಡಿ
ಚಿಂತಾಮಣಿ ಹತ್ತಿರದ ಅಂಬಾಜಿದುರ್ಗಕ್ಕೆ ಎಲ್ಲರೂ ಬೆಟ್ಟ ಹತ್ತೋಕೆ ಬರ್ತಾರೆ. ನಾನು ಹೋದದ್ದು ಬುಡದ ಊರಿಗೆ, ಮಾವ ಮನೆಯಲ್ಲೇ ಕಟ್ಟಿದ ಟ್ರೈಸಿಕಲ್ ನೋಡೋಕೆ.

ಪಕ್ಕದ ಕೈವಾರ ಬಕಾಸುರನ ಊರು ಅಂತಾರೆ. ನಾಲ್ಕನೇ ಜ್ವರ ಎದ್ದ ರೇಷ್ಮೆಹುಳುವೂ ಅವನಿಗೇನೂ ಕಮ್ಮಿಯಿಲ್ಲ. ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ರಷ್ಟು ಆ ಕೊನೆಯ ವಾರಕ್ಕೇ ಬೇಕು. ಕತ್ತುನೋವಿದ್ದರೂ ಅತ್ತೆ ಅಷ್ಟನ್ನೂ ತಲೆ ಮೇಲೆ ಹೊರುತ್ತಿದ್ದರು.

ಎರಡು ಹಳೇ ಸೈಕಲ್, ಒಂದಿಷ್ಟು ಕಬ್ಬಿಣದ ಪೈಪು, ವೆಲ್ಡಿಂಗ್. ಚೈನು ಹಿಂದಿನ ಒಂದೇ ಚಕ್ರಕ್ಕೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಲ್ಲ, ಎರಡನ್ನೂ ಒಟ್ಟಿಗೆ ಬಿಗಿದರೆ ಟೈರು ಉಜ್ಜುತ್ತೆ.

ಮೊದಲ ಓಟದಲ್ಲಿ, ತಿರುವಿನಲ್ಲಿ ಒಳಗಿನ ಚಕ್ರ ಮೇಲೆದ್ದಿತು. ಸೈಕಲ್ ಥರ ಇದು ವಾಲಲ್ಲ. ಮಾವ ಬುಟ್ಟಿಯನ್ನು ಒಂದು ಗೇಣು ಕೆಳಗಿಳಿಸಿದರು. ಸಂಜೆ ಸೊಪ್ಪು ತುಂಬಿ ತುಳಿದವರು ಅತ್ತೆ.

"ತಲೆ ಹಗುರಾಯ್ತು ಕಣಪ್ಪ" ಅಂದರು.